ಓಜೇ ಗಿಡದಲ್ಲಿ ಹುಟ್ಟಿದ ವಿಕ್ಟೋರಿಯಾ: ಹಿತ್ತಲ ಹಳೇ ಗುಲಾಬಿಗಳ ಕೆಲಸದ ಟಿಪ್ಪಣಿ

ಮದಾಂ ಪಿಯೇರ್ ಓಜೇ ಎಂಬ ಗುಲಾಬಿ ಗಿಡದ ಒಂದು ಕೊಂಬೆಯಲ್ಲಿ ಏಪ್ರಿಲ್‌ನಲ್ಲಿ ಬಿಟ್ಟ ಹೂವೆಲ್ಲ ಗಾಢ ಪಿಂಕ್. ಉಳಿದ ಗಿಡ ಎಂದಿನಂತೆ ಕೆನೆಬಿಳುಪು, ಪಕಳೆಯ ಅಂಚಿಗೆ ಮಾತ್ರ ತುಸು ಕೆಂಪು. ಬುಡ ಒಂದೇ, ಗೊಬ್ಬರ ಒಂದೇ, ನೀರು ಬರುವ ಡ್ರಿಪ್ ಪೈಪೂ ಒಂದೇ. ಹೀಗೆ ಗಿಡದ ಒಂದು ಭಾಗ ಮಾತ್ರ ತಾನಾಗಿ ಬೇರೆ ಬಣ್ಣಕ್ಕೆ ತಿರುಗಿದರೆ ಗುಲಾಬಿ ಬೆಳೆಯುವವರು ಅದನ್ನು ಸ್ಪೋರ್ಟ್ ಅನ್ನುತ್ತಾರೆ. ನನ್ನ ಗಿಡದಲ್ಲಿ ಆದದ್ದು ಅದರ ಉಲ್ಟಾ. ಓಜೇಯೇ ಒಂದು ಸ್ಪೋರ್ಟ್. 1872ರಲ್ಲಿ ಫ್ರಾನ್ಸಿನ ಲಿಯಾನ್‌ನಿಂದ ರೇನ್ ವಿಕ್ಟೋರಿಯಾ ಎಂಬ ಪಿಂಕ್ ಗುಲಾಬಿ ಮಾರಾಟಕ್ಕೆ ಬಂತು. ಅದರ ಕೊಂಬೆಯೊಂದು ಓಜೇ ಎಂಬ ತೋಟಗಾರರ ಕೈಯಲ್ಲಿ ಬಿಳುಪಾಗಿ, 1878ರಲ್ಲಿ ಬೇರೆ ಹೆಸರು ಹೊತ್ತು ಮಾರುಕಟ್ಟೆ ಸೇರಿತು. ಈಗ ನನ್ನ ಹಿತ್ತಲಲ್ಲಿ ಅದರ ಒಂದು ಕೊಂಬೆ ತಾಯಿಯ ಬಣ್ಣಕ್ಕೇ ವಾಪಸ್ ಹೋಗಿದೆ.

ಕತ್ತರಿಸಿ ಎಸೆದರೆ ಕೆಲಸ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲೇ ದುಡ್ಡು ಕೊಟ್ಟು ತಂದ ರೇನ್ ವಿಕ್ಟೋರಿಯಾ ಇತ್ತು. ಓಜೇಯಿಂದ ಹುಟ್ಟಿದ ಈ ವಿಕ್ಟೋರಿಯಾಕ್ಕೂ ಅಂಗಡಿಯ ವಿಕ್ಟೋರಿಯಾಕ್ಕೂ ಏನಾದರೂ ವ್ಯತ್ಯಾಸ ಇದೆಯೇ ನೋಡೋಣ ಅನ್ನಿಸಿತು. ಅಲ್ಲಿಂದ ಶುರುವಾದದ್ದು ಪೂರ್ತಿ ಪಾತಿಯನ್ನೇ ತಾಯಿ ಗಿಡ ಮತ್ತು ಸ್ಪೋರ್ಟುಗಳ ಜೋಡಿಯಾಗಿ ಮಾಡುವ ಮಟ್ಟಕ್ಕೆ ಬೆಳೆಯಿತು.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ನಮ್ಮವರು ಬಂದ ನೆಂಟರನ್ನು ಕರೆದುಕೊಂಡು ಹೋಗುವುದು ನೇಗ್ಲಿ ಅವೆನ್ಯೂದ ಮುನ್ಸಿಪಲ್ ರೋಸ್ ಗಾರ್ಡನ್‌ಗೆ. ಅಲ್ಲಿರುವುದು ಬಹುಪಾಲು ಹೊಸ ಕಾಲದ ಗುಲಾಬಿಗಳು. ನನಗೆ ಹುಚ್ಚು ಹತ್ತಿಸಿದ್ದು ಇನ್ನೊಂದು ತೋಟ. ವಿಮಾನಗಳು ಹಾಯುವ ದಾರಿಯ ಕೆಳಗೆ, ಮನೆಗಳನ್ನು ತೆಗೆಸಿ ಖಾಲಿ ಬಿಟ್ಟಿದ್ದ ಜಾಗದಲ್ಲಿ 1995ರಲ್ಲಿ ಶುರುವಾದ ಹೆರಿಟೇಜ್ ರೋಸ್ ಗಾರ್ಡನ್. 1867ರಲ್ಲಿ ಬಂದ ಲಾ ಫ್ರಾನ್ಸ್ ಎಂಬ ಗುಲಾಬಿಯನ್ನು ಗೆರೆಯಾಗಿಟ್ಟುಕೊಂಡು, ಅದಕ್ಕೂ ಹಿಂದೆ ಇದ್ದ ಗುಂಪುಗಳಿಗೆ ಸೇರಿದ್ದನ್ನೆಲ್ಲ ಹಳೇ ಗುಲಾಬಿ ಎನ್ನುವುದು ವಾಡಿಕೆ. ಗುಂಪು ಹಳೆಯದಾಗಿರಬೇಕು ಅಷ್ಟೆ. ಗಿಡ ಆಮೇಲೆ ಬಂದದ್ದಾದರೂ ಸರಿ.

ನನ್ನ ಪಾತಿಯಲ್ಲಿ ಹೆಚ್ಚಿನವು ಬೂರ್ಬಾನ್ ಗುಂಪಿನವು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಆಗಿದ್ದ ಹೆಸರು ಬೂರ್ಬಾನ್. ಅಲ್ಲಿ ಚೀನಾ ಗುಲಾಬಿಯೂ ಡಮಾಸ್ಕ್ ಗುಲಾಬಿಯೂ ಬೆರೆತು ರೋಸ್ ಎದ್ವಾರ್ ಎಂಬ ಗಿಡ ಹುಟ್ಟಿತು. ಅದರ ಬೀಜ 1819ರ ಸುಮಾರಿಗೆ ಪ್ಯಾರಿಸ್‌ ತಲುಪಿ, ಅಲ್ಲಿಂದ ಈ ಗುಂಪು ಬೆಳೆಯಿತು. ತಮಿಳುನಾಡಿನ ಕೃಷಿ ಕೈಪಿಡಿಗಳಲ್ಲಿ ಬಿಡಿಹೂವಿನ ಬೆಳೆಯಾಗಿ ಬರುವ ಎಡ್ವರ್ಡ್ ರೋಸ್ ಇದೇ ಬಳ್ಳಿಯದು. ಅತ್ತೆ ಊರಿನಿಂದ ಬಂದಿದ್ದಾಗ ರೇನ್ ವಿಕ್ಟೋರಿಯಾದ ಹೂ ಮೂಸಿ, “ಇದು ನಮ್ ಪನ್ನೀರ್ ರೋಸಲ್ವಾ ಅಳಿಯಂದ್ರೇ?” ಅಂದರು. ಹತ್ತಿರದ ನೆಂಟರೇ ಅತ್ತೆ ಅಂದೆ. ಅವತ್ತಿನಿಂದ ದೇವರಮನೆಗೆ ಆ ಗಿಡದ್ದೇ ಹೂ. ನನ್ನ ಲೆಕ್ಕಾಚಾರಕ್ಕೆ ಬೇಕಾದ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟುವ ಪದ್ಧತಿ ಬಂದದ್ದು ಹೀಗೆ.

ಪಾತಿ

ಇಲ್ಲಿಯ ಮಣ್ಣು ನಮ್ಮ ಎರೆಮಣ್ಣಿನ ಸ್ವಭಾವದ್ದು. ನವೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆಯಲ್ಲಿ ಬೂಟಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಣ್ಣನ್ನೇ ಬದಲಿಸುವ ಗೋಜಿಗೆ ಹೋಗದೆ ಒಂದು ಗೇಣು ಎತ್ತರದ ಏರುಮಡಿ ಮಾಡಿ, ಕಾಂಪೋಸ್ಟ್ ಬೆರೆಸಿ, ಮೇಲೆ ಮರದ ಚೂರಿನ ಹೊದಿಕೆ ಹಾಕಿದೆ. ಪ್ರತಿ ಗುಂಡಿಗೂ ತಂತಿಬಲೆಯ ಬುಟ್ಟಿ ಕಡ್ಡಾಯ. ಗೋಫರ್ ಎಂಬ ಪ್ರಾಣಿ ನೆಲದಡಿ ಸುರಂಗ ತೋಡಿಕೊಂಡು ಬಂದು ಬೇರನ್ನೇ ತಿಂದುಹಾಕುತ್ತದೆ; ಬೆಳಿಗ್ಗೆ ಎದ್ದು ನೋಡಿದರೆ ಗಿಡ ಕೋಲಿನಂತೆ ಕೈಗೆ ಬರುತ್ತದೆ. ಬುಟ್ಟಿಯ ಬಾಯಿ ಮಣ್ಣಿನ ಮೇಲೆ ಎರಡು ಇಂಚು ಎದ್ದಿರಬೇಕು, ಇಲ್ಲದಿದ್ದರೆ ಅದು ಮೇಲಿನಿಂದ ಹತ್ತಿ ಒಳಗಿಳಿಯುತ್ತದೆ.

ತಾಯಿ ಗಿಡವನ್ನೂ ಸ್ಪೋರ್ಟನ್ನೂ ಹೋಲಿಸಲು ಹೊರಟವರು ಮೊದಲು ನೋಡಬೇಕಾದ್ದು ಬೇರು ಯಾರದು ಎನ್ನುವುದನ್ನು. ಕ್ಯಾಲಿಫೋರ್ನಿಯಾದಲ್ಲಿ ಕಸಿ ಗುಲಾಬಿಗಳ ಬುಡ ಹೆಚ್ಚಾಗಿ ಡಾಕ್ಟರ್ ಹ್ಯೂಯಿ ಎಂಬ ಕಡುಗೆಂಪು ಹೂವಿನ ಗಿಡ. ಮೇಲಿನ ಕಸಿ ಸೊರಗಿ ಕೆಳಗಿನ ಬುಡ ಚಿಗುರಿತೆಂದರೆ ವಸಂತದಲ್ಲಿ ಕಡುಗೆಂಪು ಹೂ. “ನಮ್ಮ ಹಳದಿ ಗುಲಾಬಿ ಕೆಂಪಾಯ್ತು” ಎಂದು ಗೆಳೆಯರು ಕಳಿಸುವ ಫೋಟೋಗಳಲ್ಲಿ ಹೆಚ್ಚಿನವು ಇದೇ. ಅದು ಸ್ಪೋರ್ಟ್ ಅಲ್ಲ, ಬೇರೆ ಗಿಡವೇ. ಆದ್ದರಿಂದ ನಾನು ಕಡ್ಡಿಯಿಂದ ಬೇರು ಬರಿಸಿದ, ಸ್ವಂತ ಬೇರಿನ ಗಿಡಗಳನ್ನಷ್ಟೇ ನೆಟ್ಟೆ. ಕಸಿಯ ಗಿಡವೂ ಸ್ವಂತ ಬೇರಿನ ಗಿಡವೂ ಪಕ್ಕಪಕ್ಕ ಇದ್ದರೆ ಎತ್ತರ, ಹೂವಿನ ಗಾತ್ರ, ಚಿಗುರುವ ವೇಗ ಯಾವುದನ್ನೂ ನಂಬಿ ಹೋಲಿಸಲಾಗುವುದಿಲ್ಲ.

ಜೋಡಿಗಳು ಇವು: ರೇನ್ ವಿಕ್ಟೋರಿಯಾ ಮತ್ತು ಓಜೇ, ಸುವನೀರ್ ಡ ಲಾ ಮಾಲ್ಮೇಸಾನ್ ಮತ್ತು ಅದರ ಎರಡು ಸ್ಪೋರ್ಟು, ಮೂಲೆಯಲ್ಲಿ ಗ್ಯಾಲಿಕಾ ಗುಂಪಿನ ಅಫಿಸಿನಾಲಿಸ್, ಜೊತೆಗೆ ಅದರ ಪಟ್ಟೆ ಸ್ಪೋರ್ಟಾದ ರೋಸಾ ಮುಂಡಿ.

ಬಣ್ಣ ಅಳೆಯುವುದು

ಬಣ್ಣ ಹೋಲಿಸುವುದು ಸುಲಭ ಅಂದುಕೊಂಡವರಿಗೆ ಓಜೇ ಒಂದೇ ಸಾಕು, ಬುದ್ಧಿ ಕಲಿಸುತ್ತದೆ. ಬೆಳಿಗ್ಗೆ ಕೆನೆ, ಸಂಜೆಗೆ ಅಂಚು ಕೆಂಪು. ಬಿಸಿಲಿನ ಕಡೆ ಒಂದು ಬಣ್ಣ, ಗೋಡೆಯ ಕಡೆ ಒಂದು ಬಣ್ಣ. ಮೊಬೈಲ್ ಫೋಟೋ ನಂಬುವಂತಿಲ್ಲ. ಕ್ಯಾಮೆರಾ ಪ್ರತಿ ಸಲವೂ ಬಿಳಿಯನ್ನು ತನ್ನಿಷ್ಟಕ್ಕೆ ಸರಿಪಡಿಸಿಕೊಳ್ಳುತ್ತದೆ. ತೋಟಗಾರಿಕೆಯವರು ಬಳಸುವ ಬಣ್ಣದ ಪಟ್ಟಿಗೆ ಬೆಲೆ ಜಾಸ್ತಿ. ನಾನು ಮಾಡಿದ್ದು ಇಷ್ಟು: ಗೋಡೆ ಬಣ್ಣ ಮಾರುವ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಬಣ್ಣದ ಚೀಟಿಗಳಲ್ಲಿ ಕೆನೆಯಿಂದ ಕಡು ಪಿಂಕ್‌ವರೆಗೆ ಒಂದೇ ಕಂಪನಿಯವನ್ನು ಆರಿಸಿ ತಂದೆ. ಹಿಂದೆ ನಂಬರ್ ಬರೆದೆ. ಬಿಸಿಲಿಗೆ ಮಾಸದಂತೆ ಡಬ್ಬಿಯಲ್ಲಿಟ್ಟೆ.

ಹೂವನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಕೊಯ್ಯುವುದು. ಹೊರ ಪಕಳೆಗಳು ಬಿಚ್ಚಿ ನಡುವಿನವು ಇನ್ನೂ ಮುಚ್ಚಿರುವ ಹಂತ ಎಲ್ಲಕ್ಕೂ ಒಂದೇ ಇರಬೇಕು. ಉತ್ತರದ ಗೋಡೆಯ ನೆರಳಿನಲ್ಲಿ, ಬೂದು ಬಣ್ಣದ ರಟ್ಟಿನ ಮೇಲೆ, ನಡುಸುತ್ತಿನ ಒಂದು ಪಕಳೆ ಬಿಡಿಸಿ ಅದರ ಒಳಮೈಗೆ ಚೀಟಿ ತಾಳೆ ನೋಡುವುದು. ಹೊರ ಪಕಳೆಗಳನ್ನು ಬಿಟ್ಟುಬಿಡಬೇಕು. ಅವು ಮೊಗ್ಗಿನಲ್ಲೇ ಬಿಸಿಲು, ಚಳಿ, ಇಬ್ಬನಿ ಉಂಡಿರುತ್ತವೆ.

ಓಜೇಯ ಅಂಚಿನ ಕೆಂಪು ಬಿಸಿಲಿನದೇ ಅಲ್ಲವೇ ನೋಡಲು, ಬಣ್ಣ ಕಾಣುವಷ್ಟು ಬಲಿತ ಮೊಗ್ಗುಗಳಿಗೆ ಕಂದು ಕಾಗದದ ಚೀಲ ಕಟ್ಟಿದೆ. ಚೀಲದೊಳಗೆ ಅರಳಿದ ಹೂ ಬರೀ ಕೆನೆ, ಅಂಚು ಖಾಲಿ. ಅದೇ ಗೊಂಚಲಿನಲ್ಲಿ ಹೊರಗೆ ಅರಳಿದ್ದಕ್ಕೆ ಅಂಚಿನ ಗೆರೆ ಸ್ಪಷ್ಟ. ರೇನ್ ವಿಕ್ಟೋರಿಯಾಕ್ಕೂ ಹಾಗೇ ಚೀಲ ಕಟ್ಟಿದೆ: ತುಸು ತಿಳಿಯಾಯಿತು, ಆದರೆ ಪಿಂಕ್ ಪಿಂಕೇ. ಅಲ್ಲಿಗೆ ಓಜೇಯಲ್ಲಿ ಬಣ್ಣ ತಯಾರಿಸುವ ಶಕ್ತಿ ಪೂರ್ತಿ ಹೋಗಿಲ್ಲ, ಬಹಳ ಕುಗ್ಗಿದೆ, ಬಿಸಿಲು ಒತ್ತಾಯಿಸಿದರೆ ಅಷ್ಟಿಷ್ಟು ತಯಾರಿಸುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ. ಈ ಗುಲಾಬಿಗಳ ಪಿಂಕ್‌ಗೆ ಕಾರಣ ಸಯಾನಿಡಿನ್ ಜಾತಿಯ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು. ಸೆಕೆಯಲ್ಲಿ ಅದು ಕಡಿಮೆ ತಯಾರಾಗುತ್ತದೆ, ತಂಪು ರಾತ್ರಿಗಳಲ್ಲಿ ಹೆಚ್ಚು. ಜುಲೈಯ ವಿಕ್ಟೋರಿಯಾ ಹೂವನ್ನು ಅಕ್ಟೋಬರ್ ಹೂವಿನ ಪಕ್ಕ ಇಡಲು ಸಾಧ್ಯವಿದ್ದಿದ್ದರೆ ಎರಡು ತಳಿ ಅನ್ನಬೇಕಿತ್ತು. ಹೀಗಾಗಿ ಒಂದೇ ವಾರದ ಹೂಗಳನ್ನು ಮಾತ್ರ ಒಂದಕ್ಕೊಂದು ಹೋಲಿಸುವುದು ಎಂಬ ನಿಯಮ ಹಾಕಿಕೊಂಡೆ.

ಮಾಲ್ಮೇಸಾನ್ ಮನೆಯವರು

ಸುವನೀರ್ ಡ ಲಾ ಮಾಲ್ಮೇಸಾನ್ 1843ರದ್ದು. ಬೆಳೆಸಿದ್ದು ಲಿಯಾನ್‌ನ ಜಾನ್ ಬೆಲೂಝ್. ಹೆಸರು ನೆಪೋಲಿಯನ್ನನ ಹೆಂಡತಿ ಜೋಸೆಫೀನಳ ತೋಟದ್ದು. ಅವಳು ತೀರಿಕೊಂಡು ಆಗಲೇ ಸುಮಾರು ಮೂವತ್ತು ವರ್ಷವಾಗಿತ್ತು. ಅಂಗೈ ಅಗಲದ ಚಪ್ಪಟೆ ಹೂ, ಮೈಬಣ್ಣಕ್ಕೆ ಹತ್ತಿರದ ತಿಳಿ ಪಿಂಕ್, ನಡುವೆ ನಾಲ್ಕು ಭಾಗ ಮಾಡಿ ಮಡಚಿಟ್ಟಂತೆ ಒತ್ತೊತ್ತು ಪಕಳೆ. ನನ್ನ ಮಟ್ಟಿಗೆ ಬೂರ್ಬಾನ್‌ಗಳಲ್ಲಿ ಇದರಷ್ಟು ಚೆಲುವಿನ ಹೂ ಇನ್ನೊಂದಿಲ್ಲ, ಇದರಷ್ಟು ಸಿಟ್ಟು ತರಿಸುವ ಹೂವೂ ಇಲ್ಲ. ಮೊಗ್ಗಿನ ಮೇಲೆ ಮಳೆ ಬಿತ್ತೋ, ಹೊರ ಪಕಳೆಗಳು ಒದ್ದೆ ಕಾಗದವಾಗಿ ಅಂಟಿಕೊಂಡು, ಒಣಗಿ ಕಂದಾಗಿ, ಹೂ ಬಿಚ್ಚದೆ ಒಳಗೇ ಕೊಳೆಯುತ್ತದೆ. ಏಪ್ರಿಲ್ ಮೊದಲ ವಾರ ತಡವಾದ ಮಳೆಯೊಂದು ಬಂದರೆ ಮೊದಲ ಸುತ್ತು ಹೋಯಿತೆಂದೇ ಲೆಕ್ಕ. ಗಟ್ಟಿಯಾಗಿ ಸವರಿದರೂ ಇದಕ್ಕೆ ಸಿಟ್ಟು. ಜನವರಿಯಲ್ಲಿ ಒಣಕಲು ತೆಗೆದು ತುದಿ ಚಿವುಟುವುದಷ್ಟೇ ನಾನು ಮಾಡುವುದು.

ಅದರ ಬಿಳಿ ಸ್ಪೋರ್ಟ್ ಕ್ರೋನ್‌ಪ್ರಿನ್ಸೆಸಿನ್ ವಿಕ್ಟೋರಿಯಾ, 1887ರದ್ದು, ಪ್ರಷ್ಯಾದ ಯುವರಾಣಿಯ ಹೆಸರು. ಬಿಳುಪಿನ ನಡುವೆ ನಿಂಬೆಯ ಛಾಯೆ. ತಾಯಿಯ ಪಕ್ಕ ಇಟ್ಟು ನೋಡಿದರೆ ಬಣ್ಣ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅದೇ: ಅದೇ ಮಡಿಕೆ, ಅದೇ ಕುಳ್ಳು ಗಿಡ, ಮಳೆಗೆ ಅದೇ ಕೊಳೆ. ಕೊಳೆತ ಕಂದು ಬಿಳಿಯ ಮೇಲೆ ಇನ್ನೂ ಎದ್ದು ಕಾಣುವುದರಿಂದ ಇದು ತಾಯಿಗಿಂತ ಒಂದು ಕೈ ಕೆಟ್ಟದ್ದೇ ಅನ್ನಿ.

ಮೂರನೆಯದು ಸುವನೀರ್ ಡ ಸೇಂಟ್ ಆನ್ಸ್. ಡಬ್ಲಿನ್ ಊರಿನ ಕ್ಲಾಂಟಾರ್ಫ್‌ನಲ್ಲಿ ಗಿನೆಸ್ ಮನೆತನದವರ ಸೇಂಟ್ ಆನ್ಸ್ ಎಂಬ ತೋಟದಲ್ಲಿ ಮಾಲ್ಮೇಸಾನ್ ಗಿಡವೊಂದರಲ್ಲಿ ಸಿಕ್ಕ ಕೊಂಬೆ ಇದು. ಹಳೇ ಗುಲಾಬಿಗಳ ತಜ್ಞ ಗ್ರಹಾಂ ಥಾಮಸ್ ಮೂಲಕ 1950ರಲ್ಲಿ ಮಾರಾಟಕ್ಕೆ ಬಂತು. ಇದನ್ನು ಪಾತಿಗೆ ತಂದದ್ದು ಬಣ್ಣಕ್ಕಾಗಿ, ಆದರೆ ಬಣ್ಣ ತಾಯಿಯದೇ, ಬದಲಾದದ್ದು ಪಕಳೆ. ಒತ್ತೊತ್ತು ಸುತ್ತುಗಳು ಹೋಗಿ ಎರಡು ಮೂರು ಸುತ್ತು ಮಾತ್ರ ಉಳಿದು ನಡುವೆ ಹಳದಿ ಕೇಸರ ಕಾಣುತ್ತದೆ. ತುಂಬುಪಕಳೆಯ ಗುಲಾಬಿಗಳಲ್ಲಿ ಹೆಚ್ಚಿನ ಪಕಳೆಗಳು ಕೇಸರಗಳಾಗಬೇಕಿದ್ದ ಜಾಗದಲ್ಲೇ ಬೆಳೆದವು. ಇಲ್ಲಿ ಆ ಬದಲಾವಣೆ ಅರ್ಧಕ್ಕೆ ಹಿಂದೆ ಸರಿದಿದೆ. ಅದರ ಫಲ ತಕ್ಷಣ ಗೊತ್ತಾಯಿತು. ಮಾಲ್ಮೇಸಾನ್ ಮೊಗ್ಗುಗಳನ್ನು ಮುದ್ದೆ ಮಾಡಿದ ಅದೇ ಏಪ್ರಿಲ್ ಮಳೆಯಲ್ಲಿ ಸೇಂಟ್ ಆನ್ಸ್ ನೀರು ಕೊಡವಿ ಅರಳಿತು. ಬಾಳಿಕೆ ಮಾತ್ರ ಕಡಿಮೆ, ಬಿಸಿಲಿದ್ದರೆ ಮರುದಿನಕ್ಕೇ ಪಕಳೆ ಉದುರುತ್ತದೆ. ಪರಿಮಳವೂ ಬೇರೆ. ತಾಯಿಯದು ಚಹಾದ ಎಲೆ ಬೆರೆತ ಮಂದ ಸುವಾಸನೆ. ಇದರಲ್ಲಿ ಕೇಸರದಿಂದ ಬರುವ ಲವಂಗದಂಥ ಖಾರ. ಜೇನ್ನೊಣಗಳಿಗೂ ತಾಯಿಯ ಗುರುತಿಲ್ಲ, ಇದರ ಮೇಲೆಯೇ ಗುಂಪು.

ಸ್ಪೋರ್ಟ್ ಅಂದರೆ ಬಣ್ಣ ಬದಲಾದ ಅದೇ ಗಿಡ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಬದಲಾದದ್ದು ಬಣ್ಣವೋ ಕಟ್ಟಡವೋ ಎನ್ನುವುದನ್ನು ಮೊದಲು ನೋಡಬೇಕು. ಬಣ್ಣ ಮಾತ್ರವಾದರೆ ತಾಯಿಯ ಕಾಯಿಲೆ, ಕೊಳೆ, ಹಟ ಎಲ್ಲ ಮಗಳಿಗೂ ಬರುತ್ತದೆ. ರೇನ್ ವಿಕ್ಟೋರಿಯಾ ಮತ್ತು ಓಜೇ ಇದಕ್ಕೆ ಸಾಕ್ಷಿ. ಇಲ್ಲಿಯ ಒಣ ಹವೆಯಲ್ಲಿ ಕಪ್ಪು ಚುಕ್ಕೆಗಿಂತ ತುಕ್ಕು ರೋಗದ ಕಾಟ ಹೆಚ್ಚು. ಎಲೆಯ ಅಡಿ ಕಿತ್ತಳೆ ಬಣ್ಣದ ಪುಡಿ ಕಂಡಿತೆಂದರೆ ಎರಡೂ ಗಿಡಗಳಲ್ಲಿ ಒಂದೇ ವಾರದಲ್ಲಿ, ಒಂದೇ ಎತ್ತರದ ಎಲೆಗಳಲ್ಲಿ.

ಕೊಂಬೆಯ ಕೆಲಸ

ಪಿಂಕ್ ಆದ ಕೊಂಬೆಯನ್ನು ಕೂಡಲೇ ಕಡಿಯಲಿಲ್ಲ. ತಂಪಿಗೆ ಬಣ್ಣ ಏರಿದ್ದೂ ಇರಬಹುದಾದ್ದರಿಂದ ಎರಡನೇ ಸುತ್ತಿನ ಹೂವಿಗೆ ಕಾಯಬೇಕಿತ್ತು. ಮೊದಲು ಬಣ್ಣ ಎಲ್ಲಿಂದ ಶುರುವಾಗಿದೆ ಎಂದು ಕೆಳಮುಖವಾಗಿ ಹುಡುಕಿದೆ. ಹಳೆಯ ಕೊಂಬೆಯ ಒಂದು ಕಣ್ಣಿನಿಂದ ಹೊರಟ ಚಿಗುರು. ಅದರ ಮೇಲಿನ ಕವಲುಗಳೆಲ್ಲ ಪಿಂಕ್, ಆ ಕಣ್ಣಿನ ಕೆಳಗೂ ಮೇಲೂ ಇದ್ದ ಹಳೆಯ ಕೊಂಬೆಯ ಬೇರೆ ಕವಲುಗಳು ಕೆನೆ. ಕಣ್ಣಿನ ಬುಡಕ್ಕೆ ಕೆಂಪು ದಾರ. “ಅತ್ತೆ, ದಾರ ಇರೋದನ್ನ ಮಾತ್ರ ಬಿಟ್ಬಿಡಿ” ಎಂದೆ. “ದಾರ ಕಟ್ಟಿರೋದೇ ಚೆನ್ನಾಗಿರೋ ಹೂವಿಗೆ, ಇನ್ನೇನ್ ಬಿಡೋದು” ಎಂದು ಗೊಣಗಿದರೂ ಬಿಟ್ಟರು. ಜೂನ್‌ನ ಸೆಕೆಯಲ್ಲಿ ಎರಡನೇ ಸುತ್ತು ಬಂದಾಗಲೂ ಆ ಕವಲುಗಳು ಪಿಂಕೇ.

ಗುಲಾಬಿಯ ಬೆಳೆಯುವ ತುದಿ ಒಂದೇ ಮುದ್ದೆಯಲ್ಲ, ಪದರಗಳಾಗಿರುತ್ತದೆ, ಒಂದೊಂದು ಪದರದ ಜೀವಕೋಶಗಳೂ ತಮ್ಮ ಪದರದಲ್ಲೇ ಹೆಚ್ಚುತ್ತ ಹೋಗುತ್ತವೆ. ಒಬ್ಬಟ್ಟನ್ನು ನೆನೆಸಿಕೊಳ್ಳಿ: ಮೇಲೆ ಕಣಕ, ಒಳಗೆ ಹೂರಣ. ಪಕಳೆಯ ಬಣ್ಣ ಕೂರುವುದು ಹೊರಪದರದ ಜೀವಕೋಶಗಳಲ್ಲಿ, ಅಂದರೆ ಕಣಕದಲ್ಲಿ. ಬಣ್ಣದ ಸ್ಪೋರ್ಟ್‌ಗಳಲ್ಲಿ ಎಷ್ಟೋ ಸಲ ಬದಲಾಗಿರುವುದು ಕಣಕ ಮಾತ್ರ, ಹೂರಣ ತಾಯಿಯದೇ. ಎಂದಾದರೂ ಒಂದು ಕಣ್ಣಿನಲ್ಲಿ ಒಳಗಿನ ಜೀವಕೋಶ ಹೊರಪದರಕ್ಕೆ ನುಗ್ಗಿ ಅಲ್ಲೇ ನೆಲೆಯಾದರೆ ಆ ಕಣ್ಣಿನಿಂದ ಬರುವ ಕೊಂಬೆ ಪೂರ್ತಿ ತಾಯಿಯ ಬಣ್ಣ. ನನ್ನ ಓಜೇಯಲ್ಲಿ ಆದದ್ದು ಇದು ಎನ್ನುವುದು ನನ್ನ ಊಹೆ. ಇದೇ ಕಾರಣಕ್ಕೆ ಇಂಥ ಸ್ಪೋರ್ಟನ್ನು ಬೇರಿನ ತುಂಡಿನಿಂದ ಬೆಳೆಸಲು ಹೋಗಬಾರದು. ಬೇರು ಹುಟ್ಟುವುದು ಒಳಪದರದಿಂದ, ಅದರಿಂದ ಏಳುವ ಚಿಗುರಿಗೆ ಹೊಸ ಬಣ್ಣ ಇರಬೇಕೆಂದಿಲ್ಲ. ಬೀಜವೂ ಒಳಪದರದ ಸಂತಾನ. ಕಣ್ಣು, ಕಡ್ಡಿ, ಗೂಟಿ (ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು), ಇವೇ ದಾರಿ.

ಕಡ್ಡಿ ಮಾಡಿದ್ದು ಹೀಗೆ. ಹೂ ಆಗಷ್ಟೇ ಉದುರಿದ, ಪೆನ್ಸಿಲ್ ದಪ್ಪದ ಕವಲು, ನಾಲ್ಕು ಕಣ್ಣು ಇರುವಷ್ಟು ಉದ್ದ. ಮುಳ್ಳು ಬೆರಳಿಗೆ ಸುಲಭವಾಗಿ ಮುರಿದು ಬಂದರೆ ಕವಲು ಹದ. ಮೇಲಿನ ಎರಡು ಎಲೆ ಉಳಿಸಿ ಕೆಳಗಿನವು ತೆಗೆದು, ಬುಡದ ಒಂದು ಬದಿಯ ತೊಗಟೆ ತೆಳುವಾಗಿ ಕೆರೆದು, ಬೇರು ಬರಿಸುವ ಐಬಿಎ ಪುಡಿಯಲ್ಲಿ ಅದ್ದಿ ಕೊಡವಿದೆ. ಕುಂಡದಲ್ಲಿ ಅರ್ಧ ಪರ್ಲೈಟ್, ಅರ್ಧ ತೆಂಗಿನ ನಾರಿನ ಪುಡಿ. ಬೆರಳಿನಿಂದಲೋ ಕಡ್ಡಿಯಿಂದಲೋ ತೂತು ಮಾಡಿಯೇ ಇಳಿಸಬೇಕು, ಚುಚ್ಚಿದರೆ ಪುಡಿ ಮೇಲೆಯೇ ಉಜ್ಜಿಹೋಗುತ್ತದೆ. ತಳ ಕತ್ತರಿಸಿದ ಪಾರದರ್ಶಕ ಬಾಟಲಿ ಮುಚ್ಚಳವಾಗಿ. ಬೆಳಕು ಬೇಕು, ನೇರ ಬಿಸಿಲು ಬೇಡ.

ಬೇಸಿಗೆಯ ಕಡ್ಡಿಗಳಲ್ಲಿ ಕೆಲವು ಬುಡ ಕಪ್ಪಾಗಿ ಹೋದವು, ಕೆಲವು ಹಸಿರಾಗಿಯೇ ನಿಂತು ಚಿಗುರಿದವು. ಚಿಗುರು ನೋಡಿ ಮೋಸಹೋಗಬಾರದು, ಕಡ್ಡಿಯಲ್ಲಿದ್ದ ಶಕ್ತಿಯಿಂದಲೇ ಚಿಗುರಿರಬಹುದು. ಮೆಲ್ಲಗೆ ಎಳೆದಾಗ ಹಿಡಿದುಕೊಂಡರೆ ಬೇರು ಬಂದಿದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಬಾಟಲಿಯ ಬಿರಟೆ ಮೊದಲು ತೆಗೆದು, ಕೆಲವು ದಿನ ಬಿಟ್ಟು ಬಾಟಲಿಯನ್ನೇ ತೆಗೆದು, ಆಮೇಲೆ ದೊಡ್ಡ ಕುಂಡಕ್ಕೆ. ಮೊದಲ ಮೊಗ್ಗುಗಳನ್ನು ಚಿವುಟಬೇಕು. ನಾನೊಂದನ್ನು ಬಣ್ಣ ನೋಡುವ ಆಸೆಗೆ ಉಳಿಸಿಕೊಂಡೆ. ಕಡು ಪಿಂಕ್.

ಅದು ಕುಂಡದಿಂದ ನೆಲಕ್ಕಿಳಿದು, ಉದ್ದ ಕೊಂಬೆ ಬಿಡುವ ವಯಸ್ಸಿಗೆ ಬಂದ ಮೇಲೆ ಅಸಲಿ ಹೋಲಿಕೆ. ಎರಡು ವಿಕ್ಟೋರಿಯಾಗಳ ಉದ್ದ ಕೊಂಬೆಗಳನ್ನೂ ಚಳಿಗಾಲದಲ್ಲಿ ಬಗ್ಗಿಸಿ ನೆಲಕ್ಕೆ ಗೂಟ ಹೊಡೆದು ಕಟ್ಟಿದೆ. ಬಗ್ಗಿಸಿದ ಕೊಂಬೆಯಲ್ಲಿ ತುದಿಯ ದರ್ಬಾರು ಕಡಿಮೆಯಾಗಿ ಉದ್ದಕ್ಕೂ ಕಣ್ಣೊಡೆಯುತ್ತದೆ, ಒಂದೊಂದು ಕಣ್ಣಿಗೂ ಹೂ. ವಸಂತದಲ್ಲಿ ಚೀಟಿ ಹಿಡಿದು ಕೂತರೆ ಎರಡಕ್ಕೂ ಒಂದೇ ನಂಬರ್. ಬಟ್ಟಲಿನಂಥ ಹೂವಿನ ಆಕಾರ, ಎಲೆಯ ತಿಳಿಹಸಿರು, ವಿರಳ ಮುಳ್ಳು, ತುಕ್ಕು ರೋಗದ ವಾರ, ಎಲ್ಲ ಒಂದೇ. ಹೆಸರಿನ ಚೀಟಿ ಬದಲಿಸಿಟ್ಟರೆ ನನಗೇ ಗೊತ್ತಾಗುವುದಿಲ್ಲ.

ಇದರಲ್ಲೊಂದು ತಮಾಷೆ ಇದೆ. ಗೆಳೆಯರೊಬ್ಬರು ಒಂದು ನರ್ಸರಿಯಿಂದ ಓಜೇ ಎಂದು ತರಿಸಿದ ಗಿಡ ಪೂರ್ತಿ ಪಿಂಕ್ ಹೂ ಬಿಟ್ಟಿತು. ನರ್ಸರಿಯವರು ಚೀಟಿ ಅದಲುಬದಲು ಮಾಡಿದ್ದೋ, ಓಜೇಯಿಂದಲೇ ಕಡ್ಡಿ ತೆಗೆದು ಅದು ತಾಯಿಗೆ ವಾಪಸಾದದ್ದೋ? ಡಿಎನ್ಎ ಪರೀಕ್ಷೆ ಮಾಡಿಸೋಣ ಎಂದರು. ತಳಿ ಗುರುತಿಸಲು ಬಳಸುವ ಡಿಎನ್ಎ ಗುರುತುಗಳಲ್ಲಿ ತಾಯಿ ಗಿಡವೂ ಸ್ಪೋರ್ಟೂ ಸಾಮಾನ್ಯವಾಗಿ ಒಂದೇ ಬರುತ್ತವೆ. ಗಿಡ ನೋಡಿ ಈ ತಕರಾರು ತೀರುವುದಿಲ್ಲ. ಕಡ್ಡಿ ಎಲ್ಲಿಂದ ಬಂತು ಎನ್ನುವ ದಾಖಲೆ ಇದ್ದರೆ ಮಾತ್ರ ತೀರುತ್ತದೆ. ಅದಕ್ಕೇ ನನ್ನ ಗಿಡದ ಚೀಟಿಯಲ್ಲಿ ‘ರೇನ್ ವಿಕ್ಟೋರಿಯಾ’ ಎಂದು ಬರೆದು ಕೆಳಗೆ ‘ಓಜೇಯಿಂದ ವಾಪಸ್’ ಎಂದು ಸೇರಿಸಿದ್ದೇನೆ.

ಓಜೇಯಲ್ಲಿ ಉಳಿದ ಪಿಂಕ್ ಕೊಂಬೆಯನ್ನು ಆ ಕಣ್ಣಿಗಿಂತ ಕೆಳಗೆ, ಹಳೆಯ ಕೊಂಬೆಯ ತೊಗಟೆಯೂ ಸೇರುವಂತೆ ತೆಗೆದುಹಾಕಿದೆ. ಮೇಲಿನಿಂದ ಕತ್ತರಿಸಿ ಬಿಟ್ಟರೆ ಉಳಿದ ಮೋಟಿನಿಂದ ಮತ್ತೆ ಪಿಂಕ್ ಚಿಗುರು ಬರುತ್ತದೆ. ಅದು ಕೆನೆ ಕೊಂಬೆಗಳಿಗಿಂತ ಚುರುಕಾದರೆ ಕೆಲವೇ ವರ್ಷಗಳಲ್ಲಿ ಗಿಡವನ್ನೇ ಆಕ್ರಮಿಸುತ್ತದೆ.

ಪಟ್ಟೆ

ರೋಸಾ ಮುಂಡಿ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ವರ್ಷಕ್ಕೊಂದೇ ಸಲ ಹೂ ಬಿಡುತ್ತದೆ. ತಾಯಿಯಾದ ಅಫಿಸಿನಾಲಿಸ್ ಹಿಂದೆ ಯೂರೋಪಿನ ಔಷಧದ ಅಂಗಡಿಗಳಿಗೆ ಹೋಗುತ್ತಿದ್ದ ಕೆಂಪು ಗುಲಾಬಿ. ಮುಂಡಿಯಲ್ಲಿ ಅದೇ ಕೆಂಪು ಬಿಳಿಯ ಮೇಲೆ ಚಿಮುಕಿಸಿದ ಪಟ್ಟೆ. ಯಾವ ಎರಡು ಹೂವಿನ ಪಟ್ಟೆಯೂ ಒಂದೇ ಅಲ್ಲ. ಹೆಚ್ಚು ಬಿಳಿ ಇರುವ ಕೊಂಬೆಯಿಂದ ಕಡ್ಡಿ ತೆಗೆದರೆ ಹೆಚ್ಚು ಬಿಳಿಯ ಗಿಡ ಬರುತ್ತದೆಯೇ ಎಂದು ಮಾಡಿ ನೋಡಿದೆ. ಬಂದ ಗಿಡದಲ್ಲಿ ಎಲ್ಲ ಬಗೆಯ ಹೂವೂ ಬಂತು, ಏನೂ ಉಪಯೋಗವಾಗಲಿಲ್ಲ. ಪೂರ್ತಿ ಕೆಂಪಾದ ಕೊಂಬೆಗಳು ಮಾತ್ರ ಕೆಂಪಾಗಿಯೇ ಉಳಿಯುತ್ತವೆ. ಸ್ವಂತ ಬೇರಿನ ಗ್ಯಾಲಿಕಾ ನೆಲದಡಿ ಹಬ್ಬಿ ಅಲ್ಲಲ್ಲಿ ಮರಿ ಎಬ್ಬಿಸುತ್ತದೆ. ಪಕ್ಕದಲ್ಲಿ ಅಫಿಸಿನಾಲಿಸ್ ಇರುವಾಗ ನಡುವೆ ಎದ್ದ ಕೆಂಪು ಮರಿ ಯಾರದ್ದೆಂದು ಹೇಳಲಾಗದು. ಎರಡರ ನಡುವೆ ಮೊಣಕಾಲುದ್ದ ಆಳದ ಪ್ಲಾಸ್ಟಿಕ್ ತಡೆ ಇಳಿಸಿದ ಮೇಲೆ ಆ ಗೊಂದಲ ನಿಂತಿದೆ.

ಊರಿನಲ್ಲಿ ಮಾಡುವವರಿಗೆ

ಬೆಂಗಳೂರು, ಮೈಸೂರಿನ ಗೆಳೆಯರು ಕೇಳುತ್ತಿರುತ್ತಾರೆ. ಮಾಲ್ಮೇಸಾನ್ ಥರದ ಒತ್ತುಪಕಳೆಯ ಹೂವಿಗೆ ನಮ್ಮ ಮಳೆಗಾಲ ಆಗಿಬರುವುದಿಲ್ಲ, ಅಂಥದ್ದು ಸಿಕ್ಕರೆ ಕುಂಡದಲ್ಲಿಟ್ಟು ಮಳೆಯಲ್ಲಿ ಸೂರಿನಡಿಗೆ ಸರಿಸಿ. ಚೀನಾ ಮತ್ತು ಟೀ ಗುಂಪಿನ ಹಳೇ ಗುಲಾಬಿಗಳಿಗೆ ಚಳಿಯ ನಿದ್ದೆ ಬೇಕಿಲ್ಲ, ನಮ್ಮ ಹವೆಗೆ ಅವೇ ಸಲೀಸು. ಅದಕ್ಕಿಂತ ಮುಖ್ಯವಾಗಿ ನಿಮ್ಮ ಈಗಿನ ಗಿಡಗಳನ್ನೇ ಕಣ್ಣಿಟ್ಟು ನೋಡಿ. ಲಕ್ನೋದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಗಾಮಾ ಕಿರಣ ಹಾಯಿಸಿ ಗುಲಾಬಿಯಲ್ಲಿ ಬೇಕೆಂದೇ ಬಣ್ಣದ ಬದಲಾವಣೆ ತಂದಿದ್ದಾರೆ. ಮನೆಯಂಗಳದಲ್ಲಿ ಅದು ಯಾರೂ ಕೇಳದೆಯೇ ಆಗುತ್ತದೆ, ನೋಡುವವರು ಇರುವುದಿಲ್ಲ ಅಷ್ಟೆ.

ಒಂದು ಕೊಂಬೆಯ ಬಣ್ಣ ಬದಲಾಗಿ ಕಂಡರೆ ಮೊದಲು ಬುಡ ನೋಡಿ. ಕಸಿಯ ಗಂಟಿನ ಕೆಳಗಿಂದ ಬಂದಿದ್ದರೆ ಅದು ಬುಡದ ಗಿಡ, ಕಿತ್ತುಹಾಕಿ. ಎಲೆಯ ಆಕಾರ, ಚಿಗುರಿನ ಬಣ್ಣ, ಮುಳ್ಳು ಪೂರ್ತಿ ಬೇರೆಯಾಗಿದ್ದರೂ ಅನುಮಾನ ಪಡಿ. ಮೇಲಿನಿಂದ ಬಂದಿದ್ದರೆ ದಾರ ಕಟ್ಟಿ ಇನ್ನೊಂದು ಸುತ್ತು ಕಾಯಿರಿ. ಅರ್ಧ ಹೂ ಮಾತ್ರ ಬದಲಾಗಿದ್ದರೆ ಆ ಅರ್ಧದ ನೇರ ಕೆಳಗಿರುವ ಕಣ್ಣುಗಳನ್ನು ಆರಿಸಿ. ಎದುರು ಬದಿಯವು ಹಳೆಯ ಬಣ್ಣವನ್ನೇ ಕೊಡುವ ಸಾಧ್ಯತೆ ಹೆಚ್ಚು. ಕಣ್ಣುಕಸಿ ಬಲ್ಲವರು ಸಿಕ್ಕರೆ ಕಡ್ಡಿಗಿಂತ ಅದೇ ಮೇಲು, ಒಂದೇ ಕವಲಿನಿಂದ ಹೆಚ್ಚು ಗಿಡ ಸಿಗುತ್ತದೆ. ಒಂದೊಂದು ಕಣ್ಣಿನ ಗಿಡವನ್ನೂ ಬೇರೆಬೇರೆ ಗುರುತು ಹಾಕಿ ಬೆಳೆಸಿ, ಸ್ಥಿರವಾಗಿ ಉಳಿದದ್ದರಿಂದ ಮಾತ್ರ ಮುಂದಿನ ಕಣ್ಣು ತೆಗೆಯಿರಿ.

ನನ್ನ ಪಾತಿಯಲ್ಲಿ ಎರಡು ವಿಕ್ಟೋರಿಯಾಗಳಿಗೆ ಜಾಗವಿಲ್ಲ. ದುಡ್ಡು ಕೊಟ್ಟು ತಂದದ್ದು ಈ ಜನವರಿಯಲ್ಲಿ ಫ್ರೀಮಾಂಟ್‌ನ ಗೆಳೆಯರ ಹಿತ್ತಲಿಗೆ ಹೋಗುತ್ತದೆ. ಆ ಗುಂಡಿಗೆ ಮಾಲ್ಮೇಸಾನ್‌ನ ಬಳ್ಳಿ ಸ್ಪೋರ್ಟ್ ಬರಲಿದೆ, 1893ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂದದ್ದು. ಗೋಡೆಗೆ ತಂತಿ ಎಳೆದು ಆಯಿತು. ಬುಟ್ಟಿ ಮಾತ್ರ ಇನ್ನೂ ಹೆಣೆಯಬೇಕು.